20 ಸಾವಿರದ ಮನೆಗೆ ನಿಜವಾಗಿ ಎಷ್ಟು ಬೀಳುತ್ತದೆ? ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವ ಕ್ರಮ

"ಟೋಕನ್ ಕೊಟ್ಟಾಯ್ತು. ಈಗ ಓನರ್ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರ್ಕೋತೀನಿ ಅಂತಿದ್ದಾರೆ. ಏನ್ ಮಾಡ್ಲಿ?"

ಈ ಪ್ರಶ್ನೆಯನ್ನು ಬೇರೆ ಬೇರೆ ಬಾಯಲ್ಲಿ ಕೇಳಿ ಸಾಕಾಗಿದೆ. ಪೇಂಟಿಂಗ್ ಬದಲು ಕೆಲವರಿಗೆ ಮೇಂಟೆನೆನ್ಸ್, ಕೆಲವರಿಗೆ ಟ್ಯಾಂಕರ್ ನೀರು, ಇನ್ನು ಕೆಲವರಿಗೆ ಬ್ರೋಕರ್. ತಪ್ಪು ಮಾತ್ರ ಎಲ್ಲರದೂ ಒಂದೇ. ಬೋರ್ಡಿನ ಮೇಲಿನ ಬಾಡಿಗೆ ನೋಡಿ ಮನೆ ಒಪ್ಪಿದ್ದಾರೆ, ಲೆಕ್ಕ ಹಾಕಿದ್ದು ದುಡ್ಡು ಕೊಟ್ಟ ಮೇಲೆ. ಅಷ್ಟೊತ್ತಿಗೆ ಮಾತಾಡೋಕೆ ಜಾಸ್ತಿ ಏನೂ ಉಳಿದಿರುವುದಿಲ್ಲ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಟೋಕನ್, ಅಂದರೆ ಮನೆ ಹಿಡಿದಿಟ್ಟುಕೊಳ್ಳೋಕೆ ಮುಂಗಡವಾಗಿ ಕೊಡುವ ಸಣ್ಣ ಮೊತ್ತ, ಬರುವುದು ಎಂಟನೇ ಹಂತದಲ್ಲಿ. ಅದಕ್ಕೆ ಮೊದಲು ಜೇಬಿಗೆ ಕೈ ಹಾಕಬೇಡಿ. ಉದಾಹರಣೆಗೆ ಹಿಡಿದ ಬಾಡಿಗೆ, ಅಡ್ವಾನ್ಸ್ ಮೊತ್ತಗಳು ಲೆಕ್ಕ ತೋರಿಸುವುದಕ್ಕೆ ಮಾತ್ರ. ನಿಮ್ಮ ಏರಿಯಾದ ಅಂಕಿ ಹಾಕಿಕೊಳ್ಳಿ.

ಹೊರಡುವ ಮೊದಲು ಜೊತೆಗೆ ಇರಬೇಕಾದ್ದು

ಒಂದು ಅಳತೆ ಟೇಪು, ಫೋನ್ ಚಾರ್ಜರ್, ಖಾಲಿ ನೀರಿನ ಬಾಟಲಿ, ಒಂದು ನೋಟ್‌ಬುಕ್. ಟೇಪು ಮಂಚ, ಫ್ರಿಜ್, ವಾಷಿಂಗ್ ಮಷೀನ್ ಜಾಗ ಅಳೆಯೋಕೆ. ಚಾರ್ಜರ್ ಪ್ರತಿ ಪ್ಲಗ್ ಪಾಯಿಂಟ್ ಪರೀಕ್ಷೆ ಮಾಡೋಕೆ. ಬಾಟಲಿ ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ. ಮನೆಯಲ್ಲಿ ಅಡುಗೆ ಮಾಡುವವರು ಯಾರೋ ಅವರನ್ನೂ ಕರೆದುಕೊಂಡು ಹೋಗಿ. ಸಿಂಕ್ ಎತ್ತರ, ಕಿಟಕಿ, ಬಟ್ಟೆ ಒಣಗಿಸುವ ಜಾಗ ಇವೆಲ್ಲ ಅವರ ಕಣ್ಣಿಗೆ ಮೊದಲು ಬೀಳುತ್ತವೆ.

ಹಂತ 1: ಮೊದಲು ಇಡಿಗಂಟು ಎಣಿಸಿ

ಎಲ್ಲರೂ ಸಂಬಳ ನೋಡಿ ಬಾಡಿಗೆ ನಿರ್ಧರಿಸುತ್ತಾರೆ. ಬೆಂಗಳೂರಿನಲ್ಲಿ ನಿಮ್ಮನ್ನು ಕಟ್ಟಿಹಾಕುವುದು ತಿಂಗಳ ಬಾಡಿಗೆಗಿಂತ ಮೊದಲ ದಿನದ ಇಡಿಗಂಟು. ಹಳೇ ಬಡಾವಣೆಗಳ ಬಿಡಿ ಮನೆಗಳಲ್ಲಿ ಇವತ್ತಿಗೂ ಹತ್ತು ತಿಂಗಳ ಅಡ್ವಾನ್ಸ್ ಕೇಳುವವರಿದ್ದಾರೆ. ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಎರಡು ಮೂರು ತಿಂಗಳಿಗೇ ಆಗುತ್ತದೆ.

20 ಸಾವಿರ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್ ಅಂದುಕೊಳ್ಳಿ. ಅಡ್ವಾನ್ಸ್ 2 ಲಕ್ಷ, ಮೊದಲ ತಿಂಗಳ ಬಾಡಿಗೆ 20 ಸಾವಿರ, ಬ್ರೋಕರ್‌ಗೆ ಒಂದು ತಿಂಗಳು 20 ಸಾವಿರ, ಸಾಮಾನು ಸಾಗಿಸೋಕೆ 8 ಸಾವಿರ, ಅಗ್ರಿಮೆಂಟ್‌ಗೆ ಒಂದು ಸಾವಿರ. ಒಟ್ಟು 2,49,000. ಇದರ ಮೇಲೆ ಫ್ಯಾನ್, ಟ್ಯೂಬ್‌ಲೈಟ್, ಗೀಸರ್, ಪರದೆ. ಎಷ್ಟೋ ಮನೆಗಳಲ್ಲಿ ಹಳೇ ಬಾಡಿಗೆಯವರು ಹೋಗುವಾಗ ಬಲ್ಬ್ ಸಮೇತ ಬಿಚ್ಚಿಕೊಂಡು ಹೋಗಿರುತ್ತಾರೆ. ಹೋಲ್ಡರ್ ಮಾತ್ರ ನೇತಾಡುತ್ತಿರುತ್ತದೆ.

ಈಗಾಗಲೇ ಬಾಡಿಗೆ ಮನೆಯಲ್ಲಿ ಇರುವವರು ಇಲ್ಲಿ ಎಡವುತ್ತಾರೆ. ಹಳೇ ಓನರ್ ಅಡ್ವಾನ್ಸ್ ವಾಪಸ್ ಕೊಡುವುದು ಮನೆ ಖಾಲಿ ಮಾಡಿದ ಮೇಲೆ. ಹೊಸ ಓನರ್‌ಗೆ ಕೊಡಬೇಕಾದ್ದು ಒಳಗೆ ಹೋಗುವ ಮೊದಲು. ಅಂದರೆ ಕೆಲವು ದಿನ ಎರಡು ಅಡ್ವಾನ್ಸೂ ನಿಮ್ಮ ಕೈಯಿಂದ ಹೊರಗೇ ಇರುತ್ತವೆ. "ಆ ದುಡ್ಡು ಬಂದ ಮೇಲೆ ಇದಕ್ಕೆ ಕೊಡೋಣ" ಅನ್ನುವ ಲೆಕ್ಕ ನಡೆಯುವುದಿಲ್ಲ. ಆ ಗ್ಯಾಪ್‌ಗೆ ಹಣ ಎಲ್ಲಿಂದ ಅನ್ನುವುದು ಗೊತ್ತಾಗದೆ ಮನೆ ನೋಡೋಕೆ ಹೊರಡಬೇಡಿ.

ಹಂತ 2: ಓಡಾಟದ ಖರ್ಚನ್ನು ಬಾಡಿಗೆಗೆ ಸೇರಿಸಿ

ದೂರದ ಮನೆ ಅಗ್ಗ ಅನ್ನುವುದು ಅರ್ಧ ಸತ್ಯ. ಆಫೀಸಿಗೆ ಮೆಟ್ರೋದಲ್ಲಿ 10ರಿಂದ 15 ಕಿಲೋಮೀಟರ್ ಇದ್ದರೆ, 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೆ ಒಂದು ಕಡೆಗೆ 60 ರೂಪಾಯಿ ಆಯಿತು. ತಿಂಗಳಿಗೆ 22 ದಿನ ಹೋಗಿ ಬಂದರೆ 2,640. ಸ್ಟೇಷನ್‌ನಿಂದ ಮನೆಗೆ ಆಟೋ ಅಂದರೆ, 2025ರ ಆಗಸ್ಟ್‌ನಲ್ಲಿ ಮೊದಲ ಎರಡು ಕಿಲೋಮೀಟರ್‌ಗೆ 36 ರೂಪಾಯಿ ನಿಗದಿಯಾಯಿತು. ಮೀಟರ್ ಹಾಕುವ ಆಟೋ ಸಿಕ್ಕರೆ ಅದು ತಿಂಗಳಿಗೆ 1,584. ಎರಡೂ ಸೇರಿ 4,224. ದುಡಿಯುವವರು ಇಬ್ಬರಿದ್ದರೆ ಇನ್ನೊಬ್ಬರದ್ದೂ ಸೇರಿಸಿ. ಮೂರು ಸಾವಿರ ಬಾಡಿಗೆ ಉಳಿಸೋಕೆ ದೂರ ಹೋದವರು ಇಲ್ಲಿ ಕಳೆದುಕೊಂಡಿರುತ್ತಾರೆ.

ಒಂದು ವಿಷಯ ಲೆಕ್ಕವನ್ನು ತಿರುಗಿಸುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಹಾಗಾಗಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ನೇರ ಬಸ್ ಇರುವ ಮನೆ, ಮೆಟ್ರೋ ಪಕ್ಕದ ಮನೆಗಿಂತ ಅಗ್ಗ ಬೀಳಬಹುದು. ಎಸಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ, ನೆನಪಿರಲಿ.

ಸಾಮಾನ್ಯ ತಪ್ಪು: ಭಾನುವಾರ ಬೈಕಿನಲ್ಲಿ ಹೋಗಿ "ಇಪ್ಪತ್ತೇ ನಿಮಿಷ" ಅಂತ ಬರೆದುಕೊಳ್ಳುವುದು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಮನೆ ಮುಂದಿನಿಂದ ಒಂದು ಸಲ ಆಫೀಸಿಗೆ ಹೋಗಿ ನೋಡಿ.

ಹಂತ 3: ಫೋನಿನಲ್ಲೇ ಕೇಳಿ ಮುಗಿಸಿ

ಟು-ಲೆಟ್ ಬೋರ್ಡಿನ ನಂಬರಿಗೆ ಫೋನ್ ಮಾಡಿದಾಗ "ಬಾಡಿಗೆ ಎಷ್ಟು ಸಾರ್?" ಅಂತ ಕೇಳಿ ಇಟ್ಟುಬಿಡಬೇಡಿ. ಈ ಎಲ್ಲವನ್ನೂ ಕೇಳಿ:

1. ಅಡ್ವಾನ್ಸ್ ಎಷ್ಟು?
2. ಮೇಂಟೆನೆನ್ಸ್ ಬಾಡಿಗೆಯಲ್ಲಿ ಸೇರಿದೆಯಾ, ಬೇರೆಯಾ?
3. ನೀರಿಗೆ ತಿಂಗಳಿಗೆ ಇಷ್ಟು ಅಂತ ಇದೆಯಾ, ಮೀಟರಾ?
4. ಕರೆಂಟ್ ಮೀಟರ್ ಮನೆಗೆ ಬೇರೆ ಇದೆಯಾ?
5. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಮುರಿಯುತ್ತೀರಿ?
6. ಪಾರ್ಕಿಂಗ್ ಒಳಗಾ, ರಸ್ತೆಯಲ್ಲಾ?
7. ನೀವು ಓನರಾ, ಬ್ರೋಕರಾ?

ಕೊನೆಯದನ್ನು ನಾಚಿಕೆ ಇಲ್ಲದೆ ಕೇಳಿ. ಓನರ್ ಬೋರ್ಡ್ ಅಂತ ಫೋನ್ ಮಾಡಿದರೆ ಎತ್ತುವುದು ಬ್ರೋಕರ್ ಆಗಿರುವುದು ಇಲ್ಲಿ ಮಾಮೂಲು. "ಮನೆ ತೋರಿಸೋಕೆ ಮುಂಚೆ ಐನೂರು ಹಾಕಿ, ವಿಸಿಟಿಂಗ್ ಚಾರ್ಜ್" ಅಂದರೆ ಅಲ್ಲೇ ಫೋನ್ ಇಡಿ. "ನಾನು ಊರಲ್ಲಿಲ್ಲ, ಟೋಕನ್ ಹಾಕಿದರೆ ಕೀ ಕೊರಿಯರ್ ಮಾಡ್ತೀನಿ" ಅಂದರೂ ಅಷ್ಟೇ. ಅಲ್ಲಿ ಮನೆಯೇ ಇರುವುದಿಲ್ಲ.

ಅವರೂ ನಿಮಗೆ ಪ್ರಶ್ನೆ ಕೇಳುತ್ತಾರೆ. ಊರು ಯಾವುದು, ವೆಜ್ಜಾ ನಾನ್‌ವೆಜ್ಜಾ, ಬ್ಯಾಚುಲರಾ, ಎಷ್ಟು ಜನ. ಕೆಲವು ಪ್ರಶ್ನೆಗಳು ಮೈ ಉರಿಸುತ್ತವೆ. ಆದರೂ ಸುಳ್ಳು ಹೇಳಿ ಮನೆ ಹಿಡಿಯಬೇಡಿ ಅನ್ನುವುದೇ ನನ್ನ ಸಲಹೆ. ಅಡುಗೆಮನೆ ವಾಸನೆಗೆ ಹೆದರಿಕೊಂಡು ಹನ್ನೊಂದು ತಿಂಗಳು ಬದುಕುವುದು ಯಾರಿಗೆ ಬೇಕು? ನಿಮ್ಮನ್ನು ಹಾಗೇ ಒಪ್ಪುವ ಓನರ್ ಮುಂದಿನ ಕ್ರಾಸಿನಲ್ಲಿ ಸಿಗಬಹುದು.

ಹಂತ 4: ಮನೆ ನೋಡುವಾಗ ನೀರು ಮೊದಲು, ಹಾಲ್ ಆಮೇಲೆ

ನಾನು ಮೊದಲು ಪೆಟ್ಟು ತಿಂದದ್ದು ಇಲ್ಲೇ. ಸೆಪ್ಟೆಂಬರ್‌ನಲ್ಲಿ ಮನೆ ನೋಡಿದ್ದೆ. ನಲ್ಲಿ ತಿರುಗಿಸಿದರೆ ಧಾರಾಳ ನೀರು. ಮಾರ್ಚ್ ಬಂತು, ಬೋರ್‌ವೆಲ್ ಕೈಕೊಟ್ಟಿತು. ಓನರ್ ಮೇಲಿನ ಮಹಡಿಯಿಂದ ಬಗ್ಗಿ "ಟ್ಯಾಂಕರ್ ದುಡ್ಡು ಎಲ್ಲರೂ ಶೇರ್ ಮಾಡ್ಕೋಬೇಕಮ್ಮಾ" ಅಂದರು. ಅಗ್ರಿಮೆಂಟಿನಲ್ಲಿ ನೀರಿನ ಬಗ್ಗೆ ಒಂದೇ ಒಂದು ಸಾಲು ಇರಲಿಲ್ಲ. ಮೇ ಮುಗಿಯುವವರೆಗೂ ಕಟ್ಟಿದೆ.

ಹಾಗಾಗಿ ಒಳಗೆ ಹೋದ ತಕ್ಷಣ ಹಾಲ್ ಚೆನ್ನಾಗಿದೆ ಅಂತ ನಿಂತುಬಿಡಬೇಡಿ. ಈ ಕ್ರಮದಲ್ಲಿ ನೋಡಿ.

ಸಂಪಿನ ಮುಚ್ಚಳ ತೆಗೆಸಿ. ಎಷ್ಟು ಸಾವಿರ ಲೀಟರ್, ಎಷ್ಟು ಮನೆಗೆ ಅಂತ ಕೇಳಿ. ಮೋಟಾರ್ ಯಾರು ಹಾಕುತ್ತಾರೆ ಅಂತಲೂ ಕೇಳಿ. ಮೋಟಾರ್ ಸ್ವಿಚ್ ಓನರ್ ಮನೆಯೊಳಗೆ ಇದ್ದು ಅವರು ಊರಿಗೆ ಹೋದರೆ ನೀವು ಬಕೆಟ್ ಹಿಡಿದುಕೊಂಡು ನಿಲ್ಲಬೇಕಾಗುತ್ತದೆ.

ಕಾವೇರಿ ಬರುತ್ತಾ, ಯಾವ ದಿನ ಬರುತ್ತದೆ, ಎಷ್ಟು ಹೊತ್ತು ಬಿಡುತ್ತಾರೆ ಅಂತ ಓನರನ್ನು ಕೇಳಿದ ಮೇಲೆ ಪಕ್ಕದ ಮನೆಯವರನ್ನೂ ಬೀದಿ ಕೊನೆಯ ಅಂಗಡಿಯವರನ್ನೂ ಕೇಳಿ. ಮೂವರ ಉತ್ತರ ಒಂದೇ ಇದ್ದರೆ ನಂಬಿ. ನಗರದ ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು ನಿಜ. ಆದರೆ ಏರಿಯಾಗೆ ಪೈಪ್ ಬಂದಿದೆ ಅಂದರೆ ನಿಮ್ಮ ಬಿಲ್ಡಿಂಗಿಗೆ ಕನೆಕ್ಷನ್ ಇದೆ ಅಂತ ಅರ್ಥ ಅಲ್ಲ. ಓನರ್ ಕನೆಕ್ಷನ್ ತೆಗೆದುಕೊಂಡಿದ್ದರೆ ಜಲಮಂಡಳಿ ಬಿಲ್ ಇರುತ್ತದೆ. ಅದನ್ನು ತೋರಿಸಿ ಅನ್ನಿ.

ಈಗ ಬಾಟಲಿ. ಬಾತ್‌ರೂಮ್ ನಲ್ಲಿಯಿಂದ ಅರ್ಧ ಬಾಟಲಿ ನೀರು ಹಿಡಿದು ಹತ್ತು ನಿಮಿಷ ಬಿಡಿ. ಕೆಳಗೆ ಮಣ್ಣು ಕೂತರೆ ಸಂಪು ತೊಳೆದು ಎಷ್ಟೋ ಕಾಲವಾಗಿದೆ. ಅಷ್ಟರಲ್ಲಿ ಶವರ್‌ನ ತೂತುಗಳನ್ನೂ ನಲ್ಲಿಯ ಬುಡವನ್ನೂ ನೋಡಿ. ಬಿಳಿ ಪುಡಿ ಗಟ್ಟಿಯಾಗಿ ಕೂತಿದ್ದರೆ, ಉಗುರಿನಲ್ಲಿ ಕೆರೆದರೂ ಬರದಿದ್ದರೆ, ಅದು ಗಡಸು ಬೋರ್ ನೀರು. ಗೀಸರ್ ಕಾಯಿಲ್ ಬೇಗ ಹೋಗುತ್ತದೆ, ಕುಡಿಯೋಕೆ ಕ್ಯಾನ್ ತರಬೇಕು ಇಲ್ಲವೇ ಆರ್‌ಓ ಹಾಕಿಸಬೇಕು. ಅದೂ ಖರ್ಚೇ.

ಟ್ಯಾಂಕರ್ ಬೇಕಾದರೆ ಎಷ್ಟು ಬೀಳುತ್ತದೆ? ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಮಾಮೂಲಿ ಲೆಕ್ಕ. ನಾಲ್ಕು ಜನರ ಮನೆಗೆ 540 ಲೀಟರ್. 6,000 ಲೀಟರಿನ ಒಂದು ಟ್ಯಾಂಕರ್ ಹನ್ನೊಂದು ದಿನಕ್ಕೆ ಮುಗಿಯುತ್ತದೆ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600, 12,000 ಲೀಟರಿಗೆ 1,000 ರೂಪಾಯಿ ಅಂತ ದರ ಕಟ್ಟಿತ್ತು. ಅದು ಕಟ್ಟಬೇಕಾಗಿ ಬಂದದ್ದೇ ಜನ ಅದರ ಎರಡರಷ್ಟು ಕೊಡುತ್ತಿದ್ದರು ಅಂತ. ಬೇಸಿಗೆಯ ಮೂರು ತಿಂಗಳಿಗೆ ಒಂದು ಮೊತ್ತ ಬರೆದುಕೊಂಡುಬಿಡಿ.

ನೀರಾದ ಮೇಲೆ ಉಳಿದದ್ದು ಬೇಗ ಮುಗಿಯುತ್ತದೆ. ಗೋಡೆಯ ಕೆಳಭಾಗದಲ್ಲಿ ಬಣ್ಣ ಉಬ್ಬಿದೆಯಾ, ಮೂಲೆಯಲ್ಲಿ ಕಪ್ಪು ಬೂಷ್ಟು ಇದೆಯಾ, ಬಾತ್‌ರೂಮ್ ಪಕ್ಕದ ಗೋಡೆ ಮುಟ್ಟಿದರೆ ತಣ್ಣಗಿದೆಯಾ. ಬರೀ ಒಂದು ಗೋಡೆಗೆ ಮಾತ್ರ ಹೊಸ ಪೇಂಟ್ ಹೊಡೆದಿದ್ದರೆ ಅನುಮಾನ ಪಡಿ.

ಹಂತ 5: ಕರೆಂಟ್ ಮೀಟರ್ ಹತ್ತಿರ ಎರಡು ನಿಮಿಷ

ಮೀಟರ್ ಬೋರ್ಡಿನ ಹತ್ತಿರ ಹೋಗಿ ನಿಮ್ಮ ಮನೆಯದ್ದು ಯಾವುದು ಅಂತ ತೋರಿಸಿಕೊಳ್ಳಿ. ಬೆಸ್ಕಾಂ ಬಿಲ್ಲಿನ ಮೇಲಿನ ಆರ್‌ಆರ್ ನಂಬರ್ ಬರೆದುಕೊಳ್ಳಿ. ಹಳೇ ಬಾಕಿ ಇದೆಯಾ ಅಂತ ಅದರಿಂದಲೇ ಗೊತ್ತಾಗುತ್ತದೆ.

ಇದು ಮುಖ್ಯ ಯಾಕೆಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಸಿಗುವುದು ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಿದಾಗ. ಬಾಡಿಗೆಯವರಿಗೂ ಸಿಗುತ್ತದೆ. ಹಿಂದಿನ ಬಾಡಿಗೆಯವರು ತಮ್ಮ ಆಧಾರ್ ಬಿಡಿಸದೇ ಹೋಗಿದ್ದರೆ ನಿಮ್ಮದು ಸೇರುವುದು ತಡವಾಗುತ್ತದೆ. ಓನರ್‌ಗೆ ಹೇಳಿ ಮೊದಲೇ ಬಿಡಿಸಿ. ಇನ್ನೊಂದು ತಪ್ಪು ತಿಳುವಳಿಕೆ ಇದೆ: "200 ಯೂನಿಟ್ ಎಲ್ಲರಿಗೂ ಫ್ರೀ." ಹಾಗಿಲ್ಲ. ಹಿಂದಿನ ಬಳಕೆಯ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ಕಟ್ಟುತ್ತಾರೆ. ಮಿತಿ ದಾಟಿದರೆ ದಾಟಿದ ಯೂನಿಟ್‌ಗೆ ಕಟ್ಟಬೇಕು. 200 ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ಎಚ್ಚರಿಕೆ: ಓನರ್ ಮೀಟರಿನಿಂದಲೇ ಲೈನ್ ಎಳೆದು ಸಬ್-ಮೀಟರ್ ಹಾಕಿ "ಯೂನಿಟ್‌ಗೆ ಹತ್ತು ರೂಪಾಯಿ" ಅನ್ನುವ ಮನೆಗಳಿವೆ. ಅಲ್ಲಿ ನಿಮ್ಮ ಹೆಸರಿನಲ್ಲಿ ಗೃಹಜ್ಯೋತಿ ಸಿಗುವುದಿಲ್ಲ. ಆ ವ್ಯತ್ಯಾಸವನ್ನು ಬಾಡಿಗೆಗೆ ಕೂಡಿಸಿ ನೋಡಿ.

ಹಂತ 6: ನಿಜವಾದ ಬಾಡಿಗೆ ಕಟ್ಟಿ

ಇದೇ ಇಡೀ ಕೆಲಸದ ನಡುಮನೆ. ಎರಡು ಮನೆ ಹಿಡಿಯೋಣ.

ಮೊದಲನೆಯದು ಬಿಡಿ ಮನೆ. ಬಾಡಿಗೆ 20,000. ಅಡ್ವಾನ್ಸ್ 2 ಲಕ್ಷ. ನೀರಿಗೆ 500. ಬ್ರೋಕರ್‌ಗೆ ಒಂದು ತಿಂಗಳು, ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳು.

ಎರಡನೆಯದು ಅಪಾರ್ಟ್‌ಮೆಂಟ್. ಬಾಡಿಗೆ 22,000. ಮೇಂಟೆನೆನ್ಸ್ 3,000 ಬೇರೆ, ನೀರು ಅದರಲ್ಲೇ. ಅಡ್ವಾನ್ಸ್ ಮೂರು ತಿಂಗಳು, 66,000. ಬ್ರೋಕರ್ ಇಲ್ಲ. ಮೂವ್-ಇನ್ ಚಾರ್ಜ್ 2,000. ಪೇಂಟಿಂಗ್ ಖರ್ಚಾದಷ್ಟು, 8,000 ಅಂದುಕೊಳ್ಳಿ.

ಬೋರ್ಡ್ ನೋಡಿದರೆ ಮೊದಲ ಮನೆ 2,000 ಅಗ್ಗ. ಮೇಂಟೆನೆನ್ಸ್, ನೀರು ಸೇರಿಸಿದರೆ 4,500 ಅಗ್ಗ. ಈಗ ಲೆಕ್ಕ.

ಅಡ್ವಾನ್ಸ್ ವಾಪಸ್ ಬರುತ್ತದೆ ಸರಿ, ಆದರೆ ಅದರ ಬಡ್ಡಿ ಬರುವುದಿಲ್ಲ. ವರ್ಷಕ್ಕೆ ಶೇಕಡಾ 6.5 ಅಂತ ಹಿಡಿದರೆ 2 ಲಕ್ಷಕ್ಕೆ 13,000, ಅಂದರೆ ತಿಂಗಳಿಗೆ 1,083. ಎರಡನೇ ಮನೆಯಲ್ಲಿ ಇದೇ ಲೆಕ್ಕ 358. ಸಾಲ ಮಾಡಿ ಅಡ್ವಾನ್ಸ್ ಕೊಡುವವರು ಸಾಲದ ಬಡ್ಡಿಯನ್ನೇ ಹಾಕಿ.

ವಾಪಸ್ ಬಾರದ ದುಡ್ಡು ಎಷ್ಟು? ಮೊದಲ ಮನೆಗೆ ಬ್ರೋಕರ್ 20,000, ಪೇಂಟಿಂಗ್ 20,000, ಸಾಗಣೆ 8,000, ಅಗ್ರಿಮೆಂಟ್ 1,000, ಒಟ್ಟು 49,000. ಎರಡನೆಯದಕ್ಕೆ 19,000. ಇದನ್ನು ನೀವು ಇರುವ ತಿಂಗಳುಗಳಿಂದ ಭಾಗಿಸಿ.

ಹನ್ನೊಂದು ತಿಂಗಳಿದ್ದರೆ:

- ಬಿಡಿ ಮನೆ: 20,000 + 500 + 1,083 + 4,455 = 26,038
- ಅಪಾರ್ಟ್‌ಮೆಂಟ್: 22,000 + 3,000 + 358 + 1,727 = 27,085

ನೋಡಿ, 4,500 ಇದ್ದ ಅಂತರ ಒಂದು ಸಾವಿರಕ್ಕೆ ಇಳಿಯಿತು. ಆರೇ ತಿಂಗಳಲ್ಲಿ ಬಿಟ್ಟರೆ ಬಿಡಿ ಮನೆ ತಿಂಗಳಿಗೆ 29,750, ಅಪಾರ್ಟ್‌ಮೆಂಟ್ 28,525. ಅಗ್ಗದ ಮನೆಯೇ ದುಬಾರಿ. ಮೂರು ಅಗ್ರಿಮೆಂಟ್, ಅಂದರೆ 33 ತಿಂಗಳು, ಪ್ರತಿ ಸಲ ಶೇಕಡಾ 5 ಏರಿಕೆಯೊಂದಿಗೆ ಇದ್ದರೆ ಬಿಡಿ ಮನೆ ಸರಾಸರಿ 24,145, ಅಪಾರ್ಟ್‌ಮೆಂಟ್ 27,112. ಆಗ ಬಿಡಿ ಮನೆ ಮೂರು ಸಾವಿರ ಅಗ್ಗ.

ಹಾಗಾಗಿ ಎಷ್ಟು ಕಾಲ ಇರುತ್ತೀರಿ ಅನ್ನುವುದನ್ನು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಪ್ರಾಜೆಕ್ಟ್ ಮುಗಿದರೆ ಹೊರಡುವವರು ಕಡಿಮೆ ಅಡ್ವಾನ್ಸ್, ಬ್ರೋಕರ್ ಇಲ್ಲದ ಮನೆ ನೋಡಿ, ಬಾಡಿಗೆ ಸ್ವಲ್ಪ ಜಾಸ್ತಿ ಇದ್ದರೂ ಪರವಾಗಿಲ್ಲ. ಮಗು ಶಾಲೆಗೆ ಸೇರಿದೆ, ನಾಲ್ಕು ವರ್ಷ ಕದಲುವುದಿಲ್ಲ ಅನ್ನುವವರು ತಿಂಗಳ ಬಾಡಿಗೆ ಕಡಿಮೆ ಇರುವುದನ್ನು ಹಿಡಿಯಿರಿ. ಎರಡನೇ ಹಂತದ ಓಡಾಟದ ಖರ್ಚನ್ನು ಇದರ ಕೆಳಗೇ ಬರೆಯುವುದು ಮರೆಯಬೇಡಿ.

ತೆರಿಗೆ ವಿಷಯ ಎರಡೇ ಮಾತು. ಹಳೇ ತೆರಿಗೆ ಪದ್ಧತಿಯಲ್ಲಿದ್ದು ಎಚ್‌ಆರ್‌ಎ (ಸಂಬಳದ ಜೊತೆ ಬರುವ ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳುವವರಿಗೆ, ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಓನರ್ ಪ್ಯಾನ್ ಬೇಕು. ಪ್ಯಾನ್ ಕೊಡಲ್ಲ ಅನ್ನುವ ಓನರ್ ಮನೆ ನಿಮಗೆ ಅಷ್ಟು ದುಬಾರಿ. ಬಾಡಿಗೆ ತಿಂಗಳಿಗೆ 50 ಸಾವಿರ ಮೀರಿದರೆ ಟಿಡಿಎಸ್, ಅಂದರೆ ಓನರ್ ಪರವಾಗಿ ಬಾಡಿಗೆಯಲ್ಲೇ ಮುರಿಯುವ ತೆರಿಗೆ, ಕಡಿದು ಕಟ್ಟುವ ಜವಾಬ್ದಾರಿ ನಿಮ್ಮದು. 2024ರ ಅಕ್ಟೋಬರ್‌ನಿಂದ ಅದು ಶೇಕಡಾ 5ರಿಂದ 2ಕ್ಕೆ ಇಳಿದಿದೆ.

ಹಂತ 7: ಚೌಕಾಸಿ ಮಾಡಿ, ಆದರೆ ಬಾಡಿಗೆ ಬಗ್ಗೆ ಕೊನೆಗೆ

ಓನರ್‌ಗಳಿಗೆ ಬಾಡಿಗೆ ಇಳಿಸುವುದು ಕಷ್ಟ. ಪಕ್ಕದ ಮನೆಯವರಿಗೆ ಗೊತ್ತಾದರೆ ಅವರೂ ಕೇಳುತ್ತಾರೆ. ಅಡ್ವಾನ್ಸ್, ಪೇಂಟಿಂಗ್, ವರ್ಷದ ಏರಿಕೆ ಇವುಗಳಲ್ಲಿ ಬಗ್ಗುವುದು ಸುಲಭ. ಹತ್ತು ತಿಂಗಳನ್ನು ಆರಕ್ಕೆ ಇಳಿಸಿ ಅನ್ನಿ. ಪೇಂಟಿಂಗ್‌ಗೆ "ಬಿಲ್ ಆದಷ್ಟು, ಒಂದು ತಿಂಗಳ ಬಾಡಿಗೆ ಮೀರದಂತೆ" ಅನ್ನಿ. ಮೇಲಿನ ಲೆಕ್ಕದಲ್ಲಿ ಪೇಂಟಿಂಗ್ 20,000 ಬದಲು 9,000 ಆದರೆ ಹನ್ನೊಂದು ತಿಂಗಳಿಗೆ ತಿಂಗಳಿಗೊಂದು ಸಾವಿರ ಬಾಡಿಗೆ ಇಳಿಸಿದ ಹಾಗೆ. ಓನರ್‌ಗೆ ಹಾಗನ್ನಿಸುವುದಿಲ್ಲ, ಅಷ್ಟೇ.

ಕಾಲವೂ ನೋಡಿ. ಶಾಲೆ ಶುರುವಾಗುವ ಮುಂಚಿನ ಏಪ್ರಿಲ್, ಮೇನಲ್ಲಿ ಮನೆಗೆ ಜನ ಮುಗಿಬೀಳುತ್ತಾರೆ. ಆಷಾಢದಲ್ಲಿ ಹಾಲು ಉಕ್ಕಿಸೋಕೆ ಯಾರೂ ಬರುವುದಿಲ್ಲ, ಮನೆ ಖಾಲಿ ಬಿದ್ದಿರುತ್ತದೆ. ನಿಮಗೆ ಆ ನಂಬಿಕೆ ಇಲ್ಲದಿದ್ದರೆ ಚೌಕಾಸಿಗೆ ಅದರಷ್ಟು ಒಳ್ಳೇ ತಿಂಗಳು ಇನ್ನೊಂದಿಲ್ಲ. ನಂಬಿಕೆ ಇದ್ದರೆ ಆಷಾಢದಲ್ಲಿ ಮಾತು ಮುಗಿಸಿ, ಶ್ರಾವಣದ ಮೊದಲ ಶುಕ್ರವಾರ ಹಾಲು ಉಕ್ಕಿಸಿ.

"ಎರಡೇ ತಿಂಗಳ ಅಡ್ವಾನ್ಸ್ ಅಂತ ಕಾನೂನೇ ಇದೆ ಸಾರ್" ಅಂತ ವಾದಕ್ಕೆ ಇಳಿಯಬೇಡಿ. 2021ರಲ್ಲಿ ಕೇಂದ್ರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಹಾಗಿದೆ. ಅದು ಮಾದರಿ ಮಾತ್ರ, ರಾಜ್ಯ ತನ್ನದೇ ಕಾನೂನು ಮಾಡಿದಾಗಲೇ ಬಲ ಬರುವುದು. ಕರ್ನಾಟಕ ಬಾಡಿಗೆ ಕಾಯ್ದೆ 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತಿನ ಬಾಡಿಗೆಯಲ್ಲಿ ಅಂದರೆ ಹೆಚ್ಚುಕಮ್ಮಿ ಯಾರಿಗೂ ಇಲ್ಲ. ನಿಮ್ಮ ಕೈಲಿ ಉಳಿಯುವುದು ಅಗ್ರಿಮೆಂಟ್ ಒಂದೇ.

ಹಂತ 8: ಓನರ್ ಯಾರು ಅಂತ ನೋಡಿ, ಆಮೇಲೆ ಟೋಕನ್

ಎರಡು ಕಾಗದ ಕೇಳಿ: ಈ ವರ್ಷದ ಆಸ್ತಿ ತೆರಿಗೆ ರಸೀದಿ, ಓನರ್ ಆಧಾರ್. ಹೆಸರು ಒಂದೇ ಇರಬೇಕು. ಕರೆಂಟ್ ಬಿಲ್ ಹೆಸರೂ ನೋಡಿ. ಮಗ ಬಂದು ಮಾತಾಡುತ್ತಿದ್ದು ಮನೆ ತಾಯಿಯ ಹೆಸರಲ್ಲಿದ್ದರೆ ಸಹಿ ತಾಯಿಯದ್ದೇ ಇರಲಿ.

ಟೋಕನ್ ಕೊಡುವುದು ಓನರ್ ಬ್ಯಾಂಕ್ ಖಾತೆಗೆ, ಬ್ರೋಕರ್ ಕೈಗಲ್ಲ. ಕೊಡುವ ಮುಂಚೆ ಒಂದು ವಾಟ್ಸಾಪ್ ಮೆಸೇಜ್ ಹಾಕಿ: "ಇಂಥ ವಿಳಾಸದ ಮನೆಗೆ, ಬಾಡಿಗೆ ಇಷ್ಟು, ಅಡ್ವಾನ್ಸ್ ಇಷ್ಟು, ಪೇಂಟಿಂಗ್ ಇಷ್ಟು, ಇಂಥ ದಿನ ಕೀ. ಟೋಕನ್ 5,000 ಕಳಿಸುತ್ತಿದ್ದೇನೆ. ನೀವು ಹಿಂದೆ ಸರಿದರೆ ವಾಪಸ್ ಕೊಡಬೇಕು." ಅವರು "ಓಕೆ" ಅಂದ ಮೇಲೆ ಕಳಿಸಿ. ಆ ಒಂದು ಓಕೆ ಆಮೇಲೆ ತುಂಬಾ ಜಗಳ ತಪ್ಪಿಸುತ್ತದೆ.

ಲೀಸಿಗೆ, ಅಂದರೆ ಭೋಗ್ಯಕ್ಕೆ ಹೋಗುವವರು ಇಲ್ಲಿ ಇನ್ನೂ ಒಂದು ವಾರ ನಿಲ್ಲಿ. 20 ಲಕ್ಷ ಕೊಟ್ಟು ಬಾಡಿಗೆ ಇಲ್ಲದೆ ಇರುವುದು, ಶೇಕಡಾ 6.5ರ ಬಡ್ಡಿ ಲೆಕ್ಕದಲ್ಲಿ ತಿಂಗಳಿಗೆ 10,833 ಆಗುತ್ತದೆ. ನೋಡೋಕೆ ಭಾರೀ ಲಾಭ. ಆದರೆ ಓನರ್‌ಗೆ ಅಷ್ಟು ದುಡ್ಡು ಯಾಕೆ ಬೇಕಾಗಿದೆ? ಮನೆ ಮೇಲೆ ಸಾಲ ಇದ್ದು ಕಂತು ನಿಂತಿದ್ದರೆ ಬ್ಯಾಂಕ್ ಮನೆಯನ್ನೇ ವಶಕ್ಕೆ ತೆಗೆದುಕೊಳ್ಳಬಹುದು. ಆಗ ನಿಮ್ಮ 20 ಲಕ್ಷಕ್ಕೆ ಓನರ್ ಹಿಂದೆ ಅಲೆಯಬೇಕು. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ವೆಬ್‌ಸೈಟಿನಲ್ಲಿ ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿ ನೋಡಿ, ವಕೀಲರಿಗೆ ತೋರಿಸಿ, ಒಂದು ವರ್ಷ ಮೀರಿದ ಲೀಸನ್ನು ಸಬ್-ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ. ಓನರ್ ಕಡೆಯಿಂದ ತಿಂಗಳ ಬಾಡಿಗೆಗೆ ಪಡೆದು ನಿಮಗೆ ಲೀಸಿಗೆ ಕೊಡುವ ಮಧ್ಯವರ್ತಿಗಳ ಹತ್ತಿರ ಹೋಗಲೇಬೇಡಿ. ಅವರು ಬಾಡಿಗೆ ಕಟ್ಟುವುದು ನಿಲ್ಲಿಸಿದ ದಿನ ಓನರ್ ನಿಮ್ಮ ಬಾಗಿಲಿಗೆ ಬರುತ್ತಾರೆ, ದುಡ್ಡು ತೆಗೆದುಕೊಂಡವರು ಫೋನ್ ಎತ್ತುವುದಿಲ್ಲ.

ಹಂತ 9: ಅಗ್ರಿಮೆಂಟ್ ಓದಿ ಸಹಿ ಹಾಕಿ

ಹನ್ನೊಂದು ತಿಂಗಳು ಯಾಕೆ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಅದನ್ನು ತಪ್ಪಿಸೋಕೆ ಹನ್ನೊಂದು. ನೋಟರಿ ಸೀಲ್ ಬಿದ್ದರೆ ರಿಜಿಸ್ಟರ್ ಆದಂತಲ್ಲ, ಅದು ಬೇರೆ ಇದು ಬೇರೆ.

ಡಿಟಿಪಿ ಅಂಗಡಿಯವರು ಇ-ಸ್ಟ್ಯಾಂಪ್ ಹಾಕಿ, ಮೊದಲೇ ಟೈಪ್ ಮಾಡಿಟ್ಟ ನಮೂನೆಯಲ್ಲಿ ಹೆಸರು ಬದಲಿಸಿ ಕೊಡುತ್ತಾರೆ. ಹಿಂದಿನವರ ಷರತ್ತುಗಳು ಅದರಲ್ಲೇ ಉಳಿದಿರುತ್ತವೆ. ಪ್ರತಿ ಸಾಲು ಓದಿ. ಈ ಐದು ವಿಷಯ ಸ್ಪಷ್ಟವಾಗಿ ಇರಬೇಕು:

- ಏರಿಕೆ ಶೇಕಡಾ ಎಷ್ಟು, ಯಾವಾಗ. "ಆಗಿನ ಮಾರ್ಕೆಟ್ ರೇಟ್ ಪ್ರಕಾರ" ಅಂತಿದ್ದರೆ ಹೊಡೆಸಿ ಹಾಕಿ.
- ಪೇಂಟಿಂಗ್, ಕ್ಲೀನಿಂಗ್‌ಗೆ ಗರಿಷ್ಠ ಎಷ್ಟು.
- ಬಿಡೋಕೆ ಎಷ್ಟು ತಿಂಗಳ ನೋಟಿಸ್, ಅದು ಇಬ್ಬರಿಗೂ ಒಂದೇನಾ. ಲಾಕ್-ಇನ್, ಅಂದರೆ ಇಷ್ಟು ತಿಂಗಳು ಬಿಡುವ ಹಾಗಿಲ್ಲ ಅನ್ನುವ ಷರತ್ತು, ಇದೆಯಾ.
- ಟ್ಯಾಂಕರ್, ಮೋಟಾರ್ ರಿಪೇರಿ, ಪೈಪ್ ಲೀಕ್ ಯಾರ ಖರ್ಚು.
- ಅಡ್ವಾನ್ಸ್ ಯಾವತ್ತು ವಾಪಸ್. "ಕೀ ಕೊಡುವ ದಿನ" ಅಂತ ಬರೆಸಿ. "ಮುಂದಿನ ಬಾಡಿಗೆದಾರರು ಬಂದ ಮೇಲೆ" ಅಂತಿದ್ದರೆ ಸಹಿ ಹಾಕಬೇಡಿ.

ನೋಟಿಸ್ ಕೊಟ್ಟ ಮೇಲಿನ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಬಹುದು ಅನ್ನುವ ಸಾಲು ಸೇರಿಸೋಕೆ ಆದರೆ ಸೇರಿಸಿ. ಸಾಲು ಇಲ್ಲದೆ ಬಾಡಿಗೆ ಕಟ್ಟದೆ ಕೂರುವವರು ತುಂಬಾ ಜನ ಇದ್ದಾರೆ. ಅದರಿಂದ ಓನರ್ ಕೆರಳಿ, ಕೊನೆಯಲ್ಲಿ ಮೊಳೆ ಎಣಿಸೋಕೆ ಶುರು ಮಾಡುತ್ತಾರೆ.

ಹಂತ 10: ಕೀ ಕೈಗೆ ಬಂದ ದಿನ

ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯ ವಿಡಿಯೋ ಮಾಡಿ. ಬಾಗಿಲಿನಿಂದ ಶುರು ಮಾಡಿ ಬಲಗಡೆ ಗೋಡೆ ಹಿಡಿದು ಹೋಗಿ, ಒಂದು ಗೋಡೆಯೂ ಬಿಡಬೇಡಿ. ಬಿರುಕು, ಕಲೆ, ಹಳೇ ಮೊಳೆ ತೂತು, ಒಡೆದ ಟೈಲ್ಸ್ ಹತ್ತಿರದಿಂದ ತೋರಿಸಿ. ಮೀಟರ್ ರೀಡಿಂಗ್ ಫೋಟೋ ತೆಗೆಯಿರಿ. ಅದೇ ದಿನ ಓನರ್‌ಗೆ ವಾಟ್ಸಾಪ್ ಮಾಡಿ. ನಿಮ್ಮ ಫೋನಿನಲ್ಲಿ ಇಟ್ಟುಕೊಂಡರೆ ಸಾಲದು, ಅವರ ಫೋನಿಗೂ ಹೋಗಿರಬೇಕು.

ನನಗೆ ಆ ಬುದ್ಧಿ ಬಂದದ್ದು ಒಂದು ಮನೆ ಬಿಟ್ಟ ಮೇಲೆ. ಓನರ್ ಟಾರ್ಚ್ ಹಿಡಿದು ಬಂದು ಹಾಲಿನಲ್ಲಿ ಮೊಳೆ ತೂತು ಎಣಿಸಿದರು. ಹದಿನಾಲ್ಕು. "ಒಂದಕ್ಕೆ ನೂರು ಹಾಕ್ಕೊಳ್ತೀನಿ, ಜಾಸ್ತಿ ಬೇಡ" ಅಂದರು, ಏನೋ ರಿಯಾಯಿತಿ ಕೊಟ್ಟ ಹಾಗೆ. ನಾನು ಹೊಡೆದದ್ದು ಎರಡೇ, ಒಂದು ಕ್ಯಾಲೆಂಡರ್‌ಗೆ, ಒಂದು ಗಡಿಯಾರಕ್ಕೆ. ತೋರಿಸೋಕೆ ಏನೂ ಇರಲಿಲ್ಲ. 1,400 ಹೋಯಿತು.

ಹಂತ 11: ಬಿಡುವಾಗ

ನೋಟಿಸನ್ನು ಬಾಯಲ್ಲಿ ಹೇಳಿ, ಮೆಸೇಜಿನಲ್ಲೂ ಹಾಕಿ. ತಾರೀಖು ಇರಲಿ. ಖಾಲಿ ಮಾಡುವ ಒಂದು ವಾರ ಮುಂಚೆ ಓನರನ್ನು ಕರೆದು ಮನೆ ತೋರಿಸಿ, ಏನೇನು ಮುರಿಯುತ್ತೀರಿ ಅಂತ ಆಗಲೇ ಬರೆಸಿಕೊಳ್ಳಿ. ನಲ್ಲಿ, ಸ್ವಿಚ್ ಥರದ ಸಣ್ಣ ರಿಪೇರಿ ನೀವೇ ಮಾಡಿಸಿದರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ.

ಕೊನೆಯ ದಿನ ಕರೆಂಟ್, ನೀರಿನ ಬಿಲ್ ಕಟ್ಟಿದ ರಸೀದಿ ತೋರಿಸಿ. ಖಾಲಿ ಮನೆಯ ವಿಡಿಯೋ ಇನ್ನೊಂದು ಸಲ ಮಾಡಿ. "ನಾಳೆ ಹಾಕ್ತೀನಿ, ಬ್ಯಾಂಕ್ ಸರ್ವರ್ ಡೌನ್" ಅಂದರೆ ಒಂದು ಚೀಲವನ್ನಾದರೂ ಒಳಗೇ ಬಿಟ್ಟು ಬೀಗ ಹಾಕಿ, "ಪರವಾಗಿಲ್ಲ ಅಂಕಲ್, ನಾಳೆ ಬಂದು ಇದನ್ನೂ ತಗೊಂಡು ಕೀ ಕೊಡ್ತೀನಿ" ಅನ್ನಿ. ದುಡ್ಡು ಖಾತೆಗೆ ಬಂದ ಮೆಸೇಜ್ ನೋಡಿದ ಮೇಲೆ ಕೀ ಕೊಡಿ.

ಅದೇ ಸಂಜೆ ಗೃಹಜ್ಯೋತಿಯಲ್ಲಿ ಹಳೇ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ಬಿಡಿಸಿ, ಗ್ಯಾಸ್ ಏಜೆನ್ಸಿಗೆ ಹೊಸ ವಿಳಾಸ ಕೊಡಿ. ಇಲ್ಲದಿದ್ದರೆ ಹೊಸ ಮನೆಗೆ ಸಿಲಿಂಡರ್ ಬೇಕಾದಾಗ ಅದು ಹಳೇ ಮನೆ ಗೇಟಿನ ಮುಂದೆ ನಿಂತಿರುತ್ತದೆ.